ನೆರೆಮನೆಯ ಮೀಟರು

ಚಳಿಗಾಲ ಕಾಲಿಟ್ಟರೆ ಸಾಕು, ದೆಹಲಿ, ನೋಯ್ಡಾ, ಗುರುಗ್ರಾಮ, ಗಾಜಿಯಾಬಾದಿನ ಜನರಿಗೆ ಬೆಳಗಿನ ಮೊದಲ ಸುದ್ದಿಯೇ ಒಂದು ಸಂಖ್ಯೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್ ತೆರೆದರೆ ಮನೆಗೆ ಹತ್ತಿರದ ಮಾಪನ ಕೇಂದ್ರದ ವಾಯು ಗುಣಮಟ್ಟ ಸೂಚ್ಯಂಕ ಬಣ್ಣದ ಸಮೇತ ಕಾಣುತ್ತದೆ. 50ರೊಳಗಿದ್ದರೆ ಗಾಳಿ ಉತ್ತಮ. 200 ದಾಟಿದರೆ ಕಳಪೆ, 300 ದಾಟಿದರೆ ತೀರಾ ಕಳಪೆ, 400ರ ಮೇಲೆ ಗಂಭೀರ. ಇಡೀ ದೇಶಕ್ಕೆ ಒಂದೇ ಅಳತೆಗೋಲಾಗಿ ಈ ಸೂಚ್ಯಂಕಕ್ಕೆ ಚಾಲನೆ ಸಿಕ್ಕಿದ್ದು 2015ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲೇ, 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ‘ಸಫರ್’ ಎಂಬ ಮುನ್ಸೂಚನಾ ವ್ಯವಸ್ಥೆಯನ್ನು ದೆಹಲಿಯಲ್ಲಿ ಆರಂಭಿಸಿತ್ತು. ಹೀಗೆ ಒಂದೂವರೆ ದಶಕದಿಂದ ರಾಜಧಾನಿಯ ಜನ ತಾವು ಉಸಿರಾಡುವ ಗಾಳಿಯ ಲೆಕ್ಕವನ್ನು ಅಂಗೈಯಲ್ಲೇ ಇಟ್ಟುಕೊಂಡು ಬದುಕುತ್ತಿದ್ದಾರೆ. ಜನರಿಗೆ ತಿಳಿವಳಿಕೆ ಕೊಟ್ಟರೆ ನಡವಳಿಕೆ ತಾನಾಗಿ ಬದಲಾಗುತ್ತದೆ ಎಂಬ ನಂಬಿಕೆ ನಿಜವಾಗಿದ್ದರೆ, ಅದು ಮೊದಲು ನಿಜವಾಗಬೇಕಾದ ಊರು ದೆಹಲಿ.

ಹಾಗಾಗಲಿಲ್ಲ. ಅರ್ಥಶಾಸ್ತ್ರಜ್ಞರಾದ ಮೈಕೆಲ್ ಗ್ರೀನ್‌ಸ್ಟೋನ್, ಕೆನ್ ಲೀ ಮತ್ತು ಹರ್ಷಿಲ್ ಸಹಾಯ್ ದೆಹಲಿಯ ಮನೆಗಳ ಒಳಗಿನ ಗಾಳಿಯನ್ನು ಅಳೆದು 2021ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ವಿಚಿತ್ರವನ್ನು ಮುಂದಿಡುತ್ತದೆ. ಉಳ್ಳವರ ಮನೆಯಲ್ಲಿ ಏರ್ ಪ್ಯೂರಿಫೈಯರ್ ಇರುವ ಸಾಧ್ಯತೆ ಬಡವರ ಮನೆಗಿಂತ 13 ಪಟ್ಟು ಹೆಚ್ಚು. ಆದರೆ ಉಳ್ಳವರ ಮನೆಯೊಳಗಿನ ಸೂಕ್ಷ್ಮ ದೂಳು ಬಡವರ ಮನೆಯದಕ್ಕಿಂತ ಕಡಿಮೆ ಇದ್ದದ್ದು ಸುಮಾರು ಶೇ 10ರಷ್ಟು ಮಾತ್ರ. ಸಂಖ್ಯೆಯನ್ನು ನೋಡಿ ಹೆದರಿದವರು ತಮ್ಮ ಕೈಲಾದದ್ದನ್ನು ಮಾಡಿದ್ದಾರೆ, ಕಿಟಕಿ ಮುಚ್ಚಿ ಯಂತ್ರ ತಂದಿದ್ದಾರೆ. ಅವರನ್ನು ದೂರುವುದು ಸರಿಯಲ್ಲ. ಊರಿಗೆಲ್ಲ ಸೇರಿದ ಗಾಳಿಯ ಸುದ್ದಿಯನ್ನು ಒಬ್ಬೊಬ್ಬರ ಫೋನಿಗೂ ಬೇರೆಬೇರೆಯಾಗಿ ತಲುಪಿಸಿ, ಮುಂದೇನು ಮಾಡಬೇಕೆಂದು ಹೇಳದೆ ಬಿಟ್ಟರೆ, ಪ್ರತಿಯೊಬ್ಬರೂ ಬೇರೆಬೇರೆಯಾಗಿಯೇ ಉತ್ತರ ಹುಡುಕುತ್ತಾರೆ. ಪರಿಸರಕ್ಕೆ ಒಗ್ಗುವ ಬದುಕಿನತ್ತ ಜನರನ್ನು ಕರೆತರಲು ಡಿಜಿಟಲ್ ತಂತ್ರಜ್ಞಾನ ಉಪಯೋಗಕ್ಕೆ ಬರುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು. ಆದರೆ ಅದು ಫಲ ಕೊಡುವುದು ಅಕ್ಕಪಕ್ಕದವರನ್ನು ಒಬ್ಬರಿಗೊಬ್ಬರು ಕಾಣುವಂತೆ ಮಾಡಿದಾಗ. ಇದಕ್ಕೆ ಬೇಕಾದ ಗಟ್ಟಿ ಸಾಕ್ಷ್ಯ ಇರುವುದು ಅದೇ ದೆಹಲಿಯ ಹೊರವಲಯದಲ್ಲಿ, ಗಾಳಿಯಲ್ಲಿ ಅಲ್ಲ, ವಿದ್ಯುತ್ ಮೀಟರಿನಲ್ಲಿ.

ಆ ಕಥೆ ಶುರುವಾಗುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಎಂಬ ಊರಿನಿಂದ. ಮನಶ್ಶಾಸ್ತ್ರಜ್ಞರ ತಂಡವೊಂದು ಅಲ್ಲಿನ 290 ಮನೆಗಳ ಮೀಟರ್ ಓದಿ, ‘ನೀವು ಇಷ್ಟು ವಿದ್ಯುತ್ ಬಳಸಿದ್ದೀರಿ, ನಿಮ್ಮ ನೆರೆಹೊರೆಯವರ ಸರಾಸರಿ ಇಷ್ಟು’ ಎಂದು ಬರೆದ ಚೀಟಿಯನ್ನು ಪ್ರತಿ ಮನೆಯ ಬಾಗಿಲಿಗೆ ತೂಗುಹಾಕಿತು. ಹೆಚ್ಚು ಬಳಸುತ್ತಿದ್ದವರು ಬಳಕೆ ಇಳಿಸಿದರು. ಆದರೆ ಕಡಿಮೆ ಬಳಸುತ್ತಿದ್ದವರು ‘ನಾವೇ ಸುಮ್ಮನೆ ಕಷ್ಟಪಡುತ್ತಿದ್ದೆವಲ್ಲ’ ಎಂಬಂತೆ ಬಳಕೆ ಏರಿಸಿಬಿಟ್ಟರು! ಇನ್ನು ಕೆಲವು ಮನೆಗಳ ಚೀಟಿಯಲ್ಲಿ, ಕಡಿಮೆ ಬಳಸಿದವರಿಗೆ ಕೈಯಲ್ಲಿ ಬರೆದ ಒಂದು ನಗುಮುಖ, ಹೆಚ್ಚು ಬಳಸಿದವರಿಗೆ ಒಂದು ಸಪ್ಪೆಮುಖ ಸೇರಿಸಿದ್ದರು. ಆ ನಗುಮುಖ ಸಿಕ್ಕ ಮನೆಗಳಲ್ಲಿ ಬಳಕೆ ಏರಲಿಲ್ಲ. 2007ರಲ್ಲಿ ಪ್ರಕಟವಾದ ಈ ಫಲಿತಾಂಶದ ಮೇಲೆಯೇ ಓಪವರ್ ಎಂಬ ಅಮೆರಿಕನ್ ಕಂಪನಿ ಮನೆಮನೆಗೂ ವಿದ್ಯುತ್ ವರದಿ ಕಳಿಸುವ ವ್ಯವಸ್ಥೆ ಕಟ್ಟಿತು: ನಿಮ್ಮ ಮನೆಯದೊಂದು ಪಟ್ಟಿ, ನಿಮ್ಮಂಥದೇ ಮನೆಗಳ ಸರಾಸರಿಯದೊಂದು ಪಟ್ಟಿ, ಮಿತವಾಗಿ ಬಳಸುವ ನೆರೆಯವರದೊಂದು ಪಟ್ಟಿ. ಹಂಟ್ ಆಲ್ಕಾಟ್ ಎಂಬ ಅರ್ಥಶಾಸ್ತ್ರಜ್ಞ ಸುಮಾರು 6 ಲಕ್ಷ ಅಮೆರಿಕನ್ ಮನೆಗಳ ಅಂಕಿಅಂಶ ಪರಿಶೀಲಿಸಿ, ಈ ವರದಿಯಿಂದ ಬಳಕೆ ಸರಾಸರಿ ಶೇ 2ರಷ್ಟು ಇಳಿದಿದೆ ಎಂದು 2011ರಲ್ಲಿ ತೋರಿಸಿದರು.

ಶೇ 2 ಎಂದರೆ ಕೇಳಲು ಅಲ್ಪವೇ. ಇದೇ ಬಗೆಯ ವರದಿಯನ್ನು ನಮ್ಮ ನೆಲಕ್ಕೆ ತಂದು ನೋಡಿದವರು ಅರ್ಥಶಾಸ್ತ್ರಜ್ಞ ಅನಂತ್ ಸುದರ್ಶನ್. ದೆಹಲಿಯ ಹೊರವಲಯದಲ್ಲಿ ಮಧ್ಯಮವರ್ಗದವರು ವಾಸಿಸುವ ಸುಮಾರು 500 ಮನೆಗಳಲ್ಲಿ ಅವರು ಪ್ರಯೋಗ ನಡೆಸಿದರು. ಯಾವ ಮನೆಗೆ ವರದಿ, ಯಾವ ಮನೆಗೆ ಇಲ್ಲ ಎಂಬುದು ಚೀಟಿ ಎತ್ತಿದಷ್ಟೇ ನಿಷ್ಪಕ್ಷಪಾತ. ಒಂದು ಗುಂಪಿಗೆ ವಾರಕ್ಕೊಮ್ಮೆ, ನೆರೆಹೊರೆಯವರೊಂದಿಗೆ ಹೋಲಿಸಿದ ವಿದ್ಯುತ್ ವರದಿ ತಲುಪುತ್ತಿತ್ತು. ಆ ಮನೆಗಳ ಬೇಸಿಗೆಯ ಬಳಕೆ ಸರಾಸರಿ ಶೇ 7ರಷ್ಟು ಇಳಿಯಿತು. ವಿದ್ಯುತ್ ದರವನ್ನು ಸುಮಾರು ಶೇ 12.5ರಷ್ಟು ಏರಿಸಿದ್ದರೆ ಎಷ್ಟು ಇಳಿಯುತ್ತಿತ್ತೋ ಅಷ್ಟು ಇಳಿಕೆ ಇದು ಎಂದು ಅವರು 2017ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಲೆಕ್ಕ ಹಾಕಿದ್ದಾರೆ. ದೆಹಲಿಯ ಬೇಸಿಗೆ ಎಂದರೇನೆಂಬುದು ಇಲ್ಲಿ ನೆನಪಿರಬೇಕು. 2024ರ ಜೂನ್ 19ರಂದು ನಗರದ ವಿದ್ಯುತ್ ಬೇಡಿಕೆ 8,656 ಮೆಗಾವಾಟ್ ಮುಟ್ಟಿ ದಾಖಲೆ ಬರೆಯಿತು. ಅಂಥ ಬೇಡಿಕೆಯ ಹಿಂದಿರುವ ದೊಡ್ಡ ಕಾರಣ ಮನೆಮನೆಯ ಎ.ಸಿ. ಆ ಸೆಕೆಯಲ್ಲೂ, ಯಾರೂ ಗದರದೆ, ದರವನ್ನೂ ಏರಿಸದೆ, ಪಕ್ಕದ ಮನೆಯ ಲೆಕ್ಕವನ್ನಷ್ಟೇ ತೋರಿಸಿದ್ದಕ್ಕೆ ಜನ ಬಳಕೆ ಇಳಿಸಿದರು.

ಅದೇ ಪ್ರಯೋಗದ ಇನ್ನೊಂದು ಭಾಗ ಇದಕ್ಕಿಂತಲೂ ಮುಖ್ಯವಾದದ್ದು. ಎರಡನೆಯ ಗುಂಪಿಗೆ ಅದೇ ವರದಿಯ ಜೊತೆಗೆ ಹಣವನ್ನೂ ಸೇರಿಸಲಾಗಿತ್ತು. ಬಳಕೆ ಇಳಿದರೆ ಲಾಭ, ಏರಿದರೆ ನಷ್ಟ. ಸಾಮಾನ್ಯ ಬುದ್ಧಿಗೆ ತೋಚುವುದು ಇಲ್ಲಿ ಇಳಿಕೆ ಇನ್ನೂ ಹೆಚ್ಚಬೇಕು ಎಂದೇ. ಆದದ್ದು ತದ್ವಿರುದ್ಧ: ಹಣ ಸೇರಿದ ಕೂಡಲೇ ವರದಿಯ ಪರಿಣಾಮವೇ ಮಾಯವಾಯಿತು. ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ದಂಡ ಹಾಕಿದಾಗ ತಡವಾಗಿ ಬರುವವರೇ ಹೆಚ್ಚಾದರು ಎಂಬ, 2000ದಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೂ ಇದನ್ನೇ ಹೇಳುತ್ತದೆ. ನಾಲ್ಕು ಜನರ ನಡುವಿನ ಮರ್ಯಾದೆಯ ಪ್ರಶ್ನೆಯಾಗಿದ್ದದ್ದು ಬೆಲೆಯ ಪ್ರಶ್ನೆಯಾದರೆ, ಬೆಲೆ ತೆತ್ತು ಹೊರನಡೆಯುವುದು ಸುಲಭ. ನಮ್ಮ ಸರ್ಕಾರಗಳು ಈ ಪಾಠವನ್ನು ಇನ್ನೂ ಕಲಿಯಬೇಕಿದೆ. ಮರ ನೆಟ್ಟವರಿಗೆ ಮಾರಾಟ ಮಾಡಬಹುದಾದ ಅಂಕ ಕೊಡುವುದಾಗಿ ಹೇಳಿದ ಹಸಿರು ಕ್ರೆಡಿಟ್ ಯೋಜನೆ 2023ರ ಅಕ್ಟೋಬರ್‌ನಲ್ಲಿ ಬಂತು. ದೆಹಲಿಯಲ್ಲಿ 2019ರ ಆಗಸ್ಟ್‌ನಿಂದ ತಿಂಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ, 400ರವರೆಗೆ ಅರ್ಧ ರಿಯಾಯಿತಿ. ಕರ್ನಾಟಕದ ಗೃಹಜ್ಯೋತಿ 2023ರ ಜುಲೈನಿಂದ ಜಾರಿಯಲ್ಲಿದೆ. ಯೋಜನೆ ಶುರುವಾದಾಗ ಉಚಿತದ ಮಿತಿ ನಿಂತಿದ್ದು ಆ ಮನೆಯವರೇ ಹಿಂದಿನ ವರ್ಷ ಬಳಸಿದ ಸರಾಸರಿಯ ಮೇಲೆ, ಅದಕ್ಕೆ ಶೇ 10 ಸೇರಿಸಿ. ಬಡವರ ಮನೆಗೆ ಬೆಳಕು ಬಂದದ್ದು ಒಳ್ಳೆಯದೇ, ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಹಿಂದೆ ಮಿತವಾಗಿ ಬಳಸಿದವರಿಗೆ ಚಿಕ್ಕ ಮಿತಿ, ಧಾರಾಳವಾಗಿ ಬಳಸಿದವರಿಗೆ ದೊಡ್ಡ ಮಿತಿ ಎಂಬ ಲೆಕ್ಕದಲ್ಲಿ ಹಿತಮಿತವಾಗಿ ಬದುಕುವವರಿಗೆ ನಗುಮುಖ ಎಲ್ಲಿದೆ?

ನೆರೆಹೊರೆಯ ಲೆಕ್ಕ ತೋರಿಸಲು ಬೇಕಾದ ಸಲಕರಣೆ ಆಗಲೇ ಮನೆಯೊಳಗೆ ಬಂದು ಕುಳಿತಿದೆ. ನೋಯ್ಡಾ, ಗುರುಗ್ರಾಮದ ಬಹುಮಹಡಿ ಸೊಸೈಟಿಗಳಲ್ಲಿ ಇಡೀ ಸಂಕೀರ್ಣಕ್ಕೆ ಒಂದೇ ಸಂಪರ್ಕ ಪಡೆದು, ಪ್ರತಿ ಫ್ಲ್ಯಾಟಿಗೆ ಪ್ರೀಪೇಯ್ಡ್ ಮೀಟರ್ ಹಾಕುವ ಪದ್ಧತಿ ಸಾಮಾನ್ಯ. ಮೊಬೈಲಿನಂತೆಯೇ ಅದಕ್ಕೂ ರೀಚಾರ್ಜು. ಗ್ರಿಡ್‌ನಿಂದ ಬಂದ ಯೂನಿಟಿಗೆ ಒಂದು ದರ, ಕರೆಂಟು ಹೋದಾಗ ಡೀಸೆಲ್ ಜನರೇಟರಿನಿಂದ ಬಂದ ಯೂನಿಟಿಗೆ ಅದಕ್ಕಿಂತ ದುಬಾರಿ ದರ; ಎರಡೂ ಆ್ಯಪ್‌ನಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ಉಳಿದ ಹಣ ಇಷ್ಟು ಎಂದು ಹೇಳುವ ಅದೇ ಪರದೆ ‘ನಿಮ್ಮ ಟವರಿನಲ್ಲಿ ಇಷ್ಟೇ ದೊಡ್ಡ ಮನೆಗಳು ಈ ವಾರ ಬಳಸಿದ್ದು ಇಷ್ಟು’ ಎಂದು ಒಂದು ಸಾಲು ಸೇರಿಸಲು ಹೊಸ ಯಂತ್ರವೇನೂ ಬೇಕಿಲ್ಲ. ಬಿಎಸ್‌ಇಎಸ್ ರಾಜಧಾನಿ ಎಂಬ ವಿದ್ಯುತ್ ವಿತರಣಾ ಕಂಪನಿ ದೆಹಲಿಯಲ್ಲಿ ಓಪವರ್ ಮಾದರಿಯ ವರದಿಯನ್ನು ಸುಮಾರು 2 ಲಕ್ಷ ಗ್ರಾಹಕರಿಗೆ ತಲುಪಿಸುವ ಕಾರ್ಯಕ್ರಮವನ್ನು 2018ರಲ್ಲಿ ಕೈಗೊಂಡಿತ್ತು. ಕೇಂದ್ರ ಸರ್ಕಾರವಂತೂ ವಿದ್ಯುತ್ ವಿತರಣಾ ಸುಧಾರಣೆಯ ಹೆಸರಿನಲ್ಲಿ ದೇಶದಾದ್ಯಂತ 25 ಕೋಟಿ ಸ್ಮಾರ್ಟ್ ಮೀಟರ್ ಅಳವಡಿಸುವ ಗುರಿ ಇಟ್ಟುಕೊಂಡಿದೆ. ಈ ಮೀಟರುಗಳು ಬಾಕಿ ವಸೂಲಿಗಷ್ಟೇ ಮೀಸಲಾದರೆ, ಜನರ ಪಾಲಿಗೆ ಅವು ಗೋಡೆಯ ಮೇಲಿನ ವಸೂಲಿಗಾರನಾಗಿಯೇ ಉಳಿಯುತ್ತವೆ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ದೆಹಲಿಯ ಹೊಗೆಗೆ ಕಾರಣ ಪಂಜಾಬ್ ಹರಿಯಾಣದ ಕೂಳೆ ಸುಡುವಿಕೆ, ಲಾರಿ ಕಾರುಗಳು, ಕಾರ್ಖಾನೆಗಳು, ಕಟ್ಟಡದ ದೂಳು, ಸುತ್ತಲಿನ ಉಷ್ಣ ವಿದ್ಯುತ್ ಸ್ಥಾವರಗಳು. ಇವನ್ನೆಲ್ಲ ಬಿಟ್ಟು ಗೃಹಿಣಿಯ ಎ.ಸಿ.ಯನ್ನು, ಗೃಹಸ್ಥನ ಸ್ವಿಚ್ಚನ್ನು ಹಿಡಿದು ಕೂರುವುದು ದೊಡ್ಡವರ ಹೊಣೆಯನ್ನು ಚಿಕ್ಕವರ ಹೆಗಲಿಗೆ ಸಾಗಿಸಿದಂತಲ್ಲವೇ? ಈ ಅನುಮಾನಕ್ಕೆ ಇತಿಹಾಸದ ಬೆಂಬಲವೂ ಇದೆ. ‘ನಿಮ್ಮ ಇಂಗಾಲದ ಹೆಜ್ಜೆಗುರುತು ಎಷ್ಟು’ ಎಂದು ಜನರೇ ಲೆಕ್ಕ ಹಾಕಿಕೊಳ್ಳುವ ಅಂತರ್ಜಾಲ ಸಾಧನವನ್ನು ಈ ಶತಮಾನದ ಆರಂಭದಲ್ಲಿ ಜನಪ್ರಿಯಗೊಳಿಸಿದ್ದು ಬಿಪಿ ಎಂಬ ತೈಲ ಕಂಪನಿಯೇ. ಪರಿಸರಸ್ನೇಹಿ ಜೀವನಶೈಲಿಗೆಂದು ಕೇಂದ್ರ ಸರ್ಕಾರ ರೂಪಿಸಿದ ‘ಮಿಷನ್ ಲೈಫ್’ 2022ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಮೇಲೆ ಪ್ರತಿಜ್ಞೆ ಸ್ವೀಕರಿಸಿ ಪೋರ್ಟಲ್‌ನಲ್ಲಿ ದಾಖಲಿಸುವ ಅಭಿಯಾನಗಳು ನಡೆದವು. ಒಂದು ಬಟನ್ ಒತ್ತಿ ಪ್ರತಿಜ್ಞೆ ಮಾಡಿದ್ದರಿಂದ ಯಾವ ಚಿಮಣಿಯ ಹೊಗೆಯೂ ಕಡಿಮೆಯಾಗುವುದಿಲ್ಲ. ಬಸ್ಸಿನ ವಿಷಯವೂ ಹೀಗೆಯೇ. ದೆಹಲಿ ಸರ್ಕಾರ ಐಐಐಟಿ-ದೆಹಲಿಯ ಜೊತೆ ಸೇರಿ 2018ರಲ್ಲೇ ಬಸ್ಸುಗಳ ಚಲನವಲನದ ಮಾಹಿತಿಯನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. ಮೆಚ್ಚಬೇಕಾದ ಕೆಲಸ. ಆದರೆ ಬಸ್ಸು ಎಲ್ಲಿದೆ ಎಂದು ತೋರಿಸುವ ಆ್ಯಪ್‌ಗೆ ಬೆಲೆ ಬರುವುದು ನಿಲ್ದಾಣಕ್ಕೆ ಬಸ್ಸು ಬಂದಾಗ.

ಆದ್ದರಿಂದ ಆಕ್ಷೇಪದ ಅರ್ಧವನ್ನು ನಾನು ಒಪ್ಪುತ್ತೇನೆ: ಒಂಟಿ ಗ್ರಾಹಕನನ್ನು ಉದ್ಧರಿಸಲು ಹೊರಟ ತಂತ್ರಜ್ಞಾನ ದೊಡ್ಡವರಿಗೆ ಅನುಕೂಲ ಮಾಡಿಕೊಡುತ್ತದೆ. ಒಪ್ಪದ ಅರ್ಧವನ್ನು ವಿವರಿಸಲು ಒಂದು ಚಿಕ್ಕ ಬೆಂಕಿಯನ್ನು ನೋಡೋಣ. ಜನವರಿಯ ರಾತ್ರಿ ಸೊಸೈಟಿಯ ಗೇಟಿನ ಬಳಿ ಕಾವಲುಗಾರನೊಬ್ಬ ಒಣ ಎಲೆ, ರಟ್ಟು, ಕೆಲವೊಮ್ಮೆ ಪ್ಲಾಸ್ಟಿಕ್ಕನ್ನೂ ಕೂಡಿಸಿ ಬೆಂಕಿ ಹಾಕಿ ಕೈ ಕಾಯಿಸಿಕೊಳ್ಳುತ್ತಾನೆ. ಕಸ ಸುಡುವವರಿಗೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲೇ ಆದೇಶಿಸಿದೆ. 2020ರ ಅಕ್ಟೋಬರ್‌ನಲ್ಲಿ ದೆಹಲಿ ಸರ್ಕಾರ ತಂದ ‘ಗ್ರೀನ್ ದೆಹಲಿ’ ಆ್ಯಪ್‌ನಲ್ಲಿ ಮಹಡಿಯ ಮೇಲಿನಿಂದಲೇ ಒಂದು ಫೋಟೊ ತೆಗೆದು ಹಾಕಿದರೆ ಸ್ಥಳದ ವಿವರದ ಸಮೇತ ದೂರು ಸಂಬಂಧಪಟ್ಟ ಇಲಾಖೆಗೆ ಹೋಗುತ್ತದೆ. ತಾಂತ್ರಿಕವಾಗಿ ಎಲ್ಲವೂ ಸರಿ. ಆದರೆ ಆ ದಂಡ ಕಾವಲುಗಾರನ ಸಂಬಳದ ಎಷ್ಟು ಭಾಗವನ್ನು ನುಂಗುತ್ತದೆ, ಮರುದಿನ ರಾತ್ರಿ ಅವನ ಚಳಿಗೆ ಯಾರು ಹೊಣೆ? ರಾಜಧಾನಿ ವಲಯದ ವಾಯು ಗುಣಮಟ್ಟ ನಿರ್ವಹಣಾ ಆಯೋಗ ತನ್ನ ಹಂತಹಂತದ ಕ್ರಿಯಾಯೋಜನೆಯಲ್ಲಿ ಇದಕ್ಕೆ ಉತ್ತರ ಬರೆದಿದೆ: ನಿವಾಸಿಗಳ ಕಲ್ಯಾಣ ಸಂಘಗಳು ಕಾವಲು ಸಿಬ್ಬಂದಿಗೆ ವಿದ್ಯುತ್ ಹೀಟರ್ ಒದಗಿಸಬೇಕು. ಇದು ಒಬ್ಬರಿಂದ ಆಗುವ ಕೆಲಸವಲ್ಲ, ನಾಲ್ಕು ಮನೆಯವರು ಮಾತಾಡಿಕೊಂಡು, ಹಣ ಹಾಕಿ, ಗೇಟಿನ ಗೂಡಿಗೆ ಪ್ಲಗ್ ಎಳೆಸಬೇಕು. ಅದಕ್ಕೆ ಬೇಕಾಗುವುದು ಎಲ್ಲರ ಫೋನಿನಲ್ಲೂ ಇರುವ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪು ಮಾತ್ರ. ಒಂದೇ ಬೆಂಕಿಯ ಫೋಟೊ ದೂರಿನ ಆ್ಯಪ್‌ಗೆ ಹೋದರೆ ಬಡವನ ಮೇಲೆ ಶಿಕ್ಷೆಯಾಗುತ್ತದೆ, ನೆರೆಯವರ ಗುಂಪಿಗೆ ಹೋದರೆ ಅದೇ ರಾತ್ರಿಯ ಚಳಿಗೆ ಪರಿಹಾರವಾಗಬಹುದು.

ಹಾಗೆ ಒಮ್ಮೆ ಕೂಡಿದ ನೆರೆಹೊರೆ ಚಿಕ್ಕ ಕೆಲಸಕ್ಕಷ್ಟೇ ನಿಲ್ಲುವುದಿಲ್ಲ, ದೊಡ್ಡವರನ್ನೂ ಕೇಳುತ್ತದೆ. 2018ರ ಜೂನ್‌ನಲ್ಲಿ ದಕ್ಷಿಣ ದೆಹಲಿಯ ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ ಮೊದಲಾದ ಏಳು ಸರ್ಕಾರಿ ವಸತಿ ಬಡಾವಣೆಗಳ ಮರುನಿರ್ಮಾಣಕ್ಕಾಗಿ 14,000ಕ್ಕೂ ಹೆಚ್ಚು ಮರಗಳನ್ನು ಕಡಿಯುವ ವಿಷಯ ಹೊರಬಿದ್ದಾಗ, ಸಾಮಾಜಿಕ ಜಾಲತಾಣ ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಕರೆಗೆ ಓಗೊಟ್ಟು ಜನ ಸರೋಜಿನಿ ನಗರದ ಮರಗಳನ್ನು ತಬ್ಬಿ ನಿಂತರು. ದೆಹಲಿ ಹೈಕೋರ್ಟ್ ಕಡಿತಕ್ಕೆ ತಡೆ ನೀಡಿತು. ಬೆಂಗಳೂರಿನವರಿಗೆ ಇದು ಹೊಸದಲ್ಲ. 2016ರ ಅಕ್ಟೋಬರ್ 16ರಂದು ‘ಸ್ಟೀಲ್ ಫ್ಲೈಓವರ್ ಬೇಡ’ ಎಂದು ಚಾಲುಕ್ಯ ವೃತ್ತದಿಂದ ಹೆಬ್ಬಾಳದ ಕಡೆಗೆ ಮಾನವ ಸರಪಳಿ ನಿಂತದ್ದು, 2017ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆ ಯೋಜನೆಯನ್ನೇ ಕೈಬಿಟ್ಟದ್ದು ಎಲ್ಲರಿಗೂ ನೆನಪಿದೆ. ಎರಡೂ ಕಡೆ ಫೋನು ಮಾಡಿದ್ದು ಜನರನ್ನು ಒಂದು ಜಾಗಕ್ಕೆ ಕರೆತರುವ ಕೆಲಸ. ಉಳಿದದ್ದನ್ನು ಬೀದಿಯಲ್ಲಿ, ನ್ಯಾಯಾಲಯದಲ್ಲಿ ಜನರೇ ಮಾಡಿದರು.

ಇನ್ನು, ಫೋನೇ ಇಲ್ಲದವರ ಪಾಡೇನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ದೇಶದಲ್ಲಿ ಶೇ 54 ಮಾತ್ರ. ದೆಹಲಿಯ ಕಸವನ್ನು ಬೇರ್ಪಡಿಸಿ ಭಲ್‌ಸ್ವಾ, ಗಾಜೀಪುರ, ಓಖ್ಲಾದ ಕಸದ ಗುಡ್ಡಗಳು ಇನ್ನಷ್ಟು ಬೆಳೆಯದಂತೆ ತಡೆಯುತ್ತಿರುವವರಲ್ಲಿ ಚಿಂದಿ ಆಯುವವರು, ಕಬಾಡಿವಾಲಾಗಳು ಮೊದಲಿಗರು. ‘ಚಿಂತನ್’ ಸಂಸ್ಥೆಯ ಒತ್ತಾಸೆಯಿಂದ ಬೆಳೆದ ‘ಸಫಾಯಿ ಸೇನಾ’ ಅವರದೇ ಸಂಘಟನೆ. ಬೆಂಗಳೂರಿನಲ್ಲಿ ‘ಹಸಿರು ದಳ’ ಇಂಥವರ ಪರವಾಗಿಯೇ ದುಡಿಯುತ್ತಿದೆ. ಹಳೆಯ ಪೇಪರು ಮಾರಲು ಬಂದಿರುವ ಹೊಸ ಆ್ಯಪ್‌ಗಳು ಇವರನ್ನು ಬದಿಗೆ ಸರಿಸಿ ವ್ಯಾಪಾರ ನಡೆಸಿದರೆ ಅದನ್ನು ಹಸಿರು ಎಂದು ಕರೆಯಲು ನನಗೆ ಮನಸ್ಸಿಲ್ಲ. ಪರದೆಯ ಮೇಲೆ ಕಾಣುವ ಸಮುದಾಯದಲ್ಲಿ ಗೇಟಿನ ಕಾವಲುಗಾರ, ಕಸ ಒಯ್ಯುವವರು, ಮನೆಗೆಲಸದವರು ಸೇರದಿದ್ದರೆ ಅದು ಅರ್ಧ ಸಮುದಾಯ.

ಮತ್ತೆ ವಿದ್ಯುತ್ ವರದಿಗೆ ಬಂದರೆ, ಅದರ ಪ್ರಭಾವ ಬಹುಕಾಲ ನಿಲ್ಲುತ್ತದೆಯೇ ಎಂದೂ ಕೇಳಬಹುದು. ಅಮೆರಿಕದಲ್ಲಿ ಎರಡು ವರ್ಷ ವರದಿ ಕಳಿಸಿ ನಿಲ್ಲಿಸಿದಾಗ ಪರಿಣಾಮ ತಟ್ಟನೆ ಅಳಿಯಲಿಲ್ಲ, ವರ್ಷಕ್ಕೆ ಶೇ 10ರಿಂದ 20ರಷ್ಟು ಕರಗಿತು. ಹಾಗಾಗಿ ಮನವೊಲಿಕೆಯೊಂದನ್ನೇ ನೆಚ್ಚಬೇಕಿಲ್ಲ. 2020ರ ಜನವರಿಯಿಂದ ಸ್ಟಾರ್ ಗುರುತಿನ ಕೋಣೆ ಎ.ಸಿ.ಗಳು ಆನ್ ಮಾಡಿದಾಗ ತಾವಾಗಿ 24 ಡಿಗ್ರಿಯಲ್ಲೇ ಶುರುವಾಗುವಂತೆ ಕೇಂದ್ರ ನಿಯಮ ಮಾಡಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೊದ ಲೆಕ್ಕ. ಇಂಥ ನಿಯಮ ಮತ್ತು ನೆರೆಹೊರೆಯ ಕಣ್ಣು ಎರಡೂ ಬೇಕು. ಖಾಸಗಿತನದ ಅಳುಕಿಗೆ ಪರಿಹಾರ ಸರಳ: ತೋರಿಸಬೇಕಾದದ್ದು ಸರಾಸರಿಯನ್ನು, ಯಾವ ಮನೆಯ ಹೆಸರನ್ನೂ ಅಲ್ಲ.

ದೆಹಲಿಯಲ್ಲಿರಲಿ, ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿರಲಿ, ನೀವು ಅಪಾರ್ಟ್‌ಮೆಂಟಿನಲ್ಲಿ ವಾಸವಾಗಿದ್ದರೆ ಸಂಘದ ಮುಂದಿನ ಸಭೆಯಲ್ಲಿ ಎರಡು ವಿಷಯ ಎತ್ತಿ. ಪ್ರತಿ ತಿಂಗಳು ಒಂದು ಕೋಣೆ, ಎರಡು ಕೋಣೆ, ಮೂರು ಕೋಣೆಯ ಮನೆಗಳ ಸರಾಸರಿ ಯೂನಿಟ್ಟನ್ನೂ ಎಲ್ಲರಿಗಿಂತ ಮಿತವಾಗಿ ಬಳಸಿದ ಹತ್ತು ಮನೆಗಳ ಸರಾಸರಿಯನ್ನೂ, ಹೆಸರಿಲ್ಲದೆ, ಗುಂಪಿನಲ್ಲಿ ಹಾಕಲು ಕಾರ್ಯದರ್ಶಿಯನ್ನು ಒಪ್ಪಿಸಿ. ಬಹುಮಾನ ಮಾತ್ರ ಇಡಬೇಡಿ. ಮತ್ತು ಚಳಿಗಾಲ ಬರುವ ಮೊದಲು, ಗೇಟಿನ ಗೂಡಿನಲ್ಲಿ ಹೀಟರ್ ಇದೆಯೇ ಎಂದು ಹೋಗಿ ನೋಡಿ ಬನ್ನಿ.